ಪ್ರೊಸೆಸರ್ ಯಾರಿಗೆ?

ಗೆಳೆಯರೇ, ಇವತ್ತು ಶಿರಸಿಯ ಕಂಪ್ಯೂಟರ್ ಅಂಗಡಿಯಲ್ಲಿ ನನ್ನ ಮಾನ ಹೋಯಿತು. ಗೇಮ್ ಆಡಲು ಒಳ್ಳೆಯ ಪ್ರೊಸೆಸರ್ ಇರುವ ಹೊಸ ಕಂಪ್ಯೂಟರ್ ಬೇಕಿತ್ತು. ಕಾಲೇಜು ಉಪನ್ಯಾಸಕನಾದ ನಾನು ಹಾಗೆಂದು ಬಾಯಿಬಿಟ್ಟು ಹೇಳುವುದು ಹೇಗೆ? "ಪ್ರಶ್ನೆಪತ್ರಿಕೆ ಟೈಪ್ ಮಾಡಲಿಕ್ಕೆ" ಎಂದೆ. ಅಂಗಡಿಯವರು ತೀರ ಸಾದಾ ಒಂದನ್ನು ಮುಂದಿಟ್ಟರು.

ಪಕ್ಕದಲ್ಲಿದ್ದ ಹೆಂಡತಿಗೆ ತಡೆಯಲಾಗಲಿಲ್ಲ. "ಸುಳ್ಳು ಎಂತಕ್ಕೆ ಹೇಳ್ತ್ರಿ? ಕಾರ್ ರೇಸಿಗೆ ಬೇಕು ಹೇಳಿ. ಹಳೇದ್ರಲ್ಲಿ ತಿರುವು ಬಂದಾಗೆಲ್ಲ ಕಾರು ನಿಂತ್‌ಬಿಡ್ತು, ಆನು ದಿನಾ ಸೋಲ್ತೆ!"

"ನೀನೂ ಆಡ್ತ್ಯಾ?"

"ನಿಂಗ ಕಾಲೇಜಿಗೆ ಹೋದ್ಮೇಲೆ" ಎಂದು ನಕ್ಕಳು.

ಅಂಗಡಿಯವರೂ ನಕ್ಕರು. "ಹಂಗಾದ್ರೆ ಡ್ಯುಯಲ್ ಕೋರ್ ತಗಳ್ಳಿ ಸರ್. ಒಂದೇ ಪ್ರೊಸೆಸರಲ್ಲಿ ಎರಡು ಕೋರ್, ನಿಮಗೊಂದು ಅವ್ರಿಗೊಂದು."

ಸಂಜೆ ಹೊಸ ಕಂಪ್ಯೂಟರ್ ಮನೆಗೆ ಬಂತು. ಕಾರು ಈಗ ಯಾವ ತಿರುವಿನಲ್ಲೂ ನಿಲ್ಲುವುದಿಲ್ಲ. ಇಬ್ಬರೂ ಖುಷಿಯಾಗಿ ಆಡಿದೆವು. ಪ್ರತಿ ಸಲವೂ ಅವಳೇ ಗೆದ್ದಳು. ತಪ್ಪು ಹೊರಿಸೋಣವೆಂದರೆ ಹಳೆಯ ಪ್ರೊಸೆಸರ್ ಕೂಡ ಇಲ್ಲ.