ವಾಸಿಯಾದವರ ಪಟ್ಟಿ

ಆರೋಗ್ಯ ವಿಮಾ ಕಂಪನಿಯೊಂದರಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕತಜ್ಞೆಯಾಗಿ ದುಡಿದ ಆಕೆಗೆ ಸಹೋದ್ಯೋಗಿಗಳು ಇಟ್ಟ ಹೆಸರು ಅನುಮಾನದಮ್ಮ. ಯಾವ ವಯಸ್ಸಿನವರು ಎಷ್ಟು ಕಾಯಿಲೆ ಬೀಳುತ್ತಾರೆ, ಎಷ್ಟು ಸಲ ಆಸ್ಪತ್ರೆ ಮೆಟ್ಟಿಲು ಹತ್ತುತ್ತಾರೆ ಎಂದು ಮುಂಚೆಯೇ ಅಂದಾಜು ಹಾಕುವುದು ಕೆಲಸ. ತರಕಾರಿಯವನು ತೂಗಿಕೊಟ್ಟದ್ದನ್ನು ಮನೆಗೆ ಬಂದು ಮತ್ತೆ ತೂಗುವುದು ಸ್ವಭಾವ. "ನನ್ನ ಉಸಿರನ್ನೂ ಎಣಿಸ್ತೀಯೇನೆ?" ಎಂದು ಗಂಡ ರೇಗಿಸುತ್ತಿದ್ದ. ಎಣಿಸುತ್ತಿದ್ದಳೋ ಏನೋ, ಯಾರಿಗೆ ಗೊತ್ತು!

ಎರಡು ವರ್ಷದ ಹಿಂದೆ ಆಕೆಯ ಕಣ್ಣು ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನ ಮೇಲೆ ಬಿತ್ತು. ಒಂದು ಹುಣ್ಣಿಗೆ ಮೂವತ್ತು ಸಲ ಡ್ರೆಸ್ಸಿಂಗಾ? ಆಸ್ಪತ್ರೆಯವರು ಬೇಕಂತಲೇ ಎಳೆಯುತ್ತಿದ್ದಾರೆ, ಪುಕ್ಕಟೆ ಎಂದು ರೋಗಿಗಳೂ ಸುಮ್ಮನೆ ಅಲೆಯುತ್ತಿದ್ದಾರೆ ಎಂದು ಖಾತ್ರಿ ಮಾಡಿಕೊಂಡಳು. ಎಂಟು ಸಲದ ನಂತರ ಅರ್ಧ ಖರ್ಚು ರೋಗಿಯದೇ ಎಂದು ಮೊದಲಿಗೆ ಕೆಲವು ಪಾಲಿಸಿಗಳಿಗೆ ನಿಯಮ ಬರೆದಳು. ಮರುವರ್ಷ ಡ್ರೆಸ್ಸಿಂಗ್ ಅರ್ಧಕ್ಕೆ ಇಳಿಯಿತು. ಎಂಟರ ನಂತರ ಬಾರದವರನ್ನೆಲ್ಲ ವರದಿಯಲ್ಲಿ 'ವಾಸಿಯಾದವರು' ಎಂಬ ಪಟ್ಟಿಗೆ ಸೇರಿಸಿದಳು. ಮೇಲಧಿಕಾರಿಗಳು ಬೆನ್ನು ತಟ್ಟಿದರು.

ಆ ಬೆನ್ನು ತಟ್ಟಿದ್ದೇ ಆಕೆಗೆ ಸರಿ ಕಾಣಲಿಲ್ಲ. ಇಷ್ಟು ಸಲೀಸಾಗಿ ಯಾರು ಬಿಟ್ಟುಕೊಡುತ್ತಾರೆ? ಆಸ್ಪತ್ರೆಯವರು ಅದೇ ಬಿಲ್ಲನ್ನು ಬೇರೆ ಹೆಸರಲ್ಲಿ ನುಗ್ಗಿಸುತ್ತಿರಬೇಕು. ನಿಯಮವನ್ನು ಎಲ್ಲ ಪಾಲಿಸಿಗಳಿಗೂ ವಿಸ್ತರಿಸುವ ಸಭೆ ಸೋಮವಾರವಿತ್ತು. ಶನಿವಾರ ಖಾಲಿ ಆಫೀಸಿನಲ್ಲಿ ಕೂತು ಕಾಲಿಗೆ ಸಂಬಂಧಿಸಿದ ಬಿಲ್ಲುಗಳನ್ನೆಲ್ಲ ಜಾಲಾಡಿದಳು. ಕಳ್ಳತನ ಸಿಗಲಿಲ್ಲ. ಬೆರಳು, ಪಾದ ಕತ್ತರಿಸಿದ ಶಸ್ತ್ರಚಿಕಿತ್ಸೆಗಳು ಸಿಕ್ಕವು, ಮೊದಲಿಗಿಂತ ದುಪ್ಪಟ್ಟು. ಹೆಸರುಗಳನ್ನು ತಾಳೆ ನೋಡಿದಳು. ಹೆಚ್ಚಿನವರೆಲ್ಲ ಆಕೆ ವಾಸಿ ಮಾಡಿದವರೇ!

ಆ ಪಟ್ಟಿಯಲ್ಲಿ ಕತ್ತರಿಸಿಕೊಳ್ಳದೆ ಉಳಿದವರ ಹೆಸರುಗಳನ್ನು ಓದುತ್ತ ಹೋದಾಗ ಅಕ್ಕನ ಗಂಡನ ಹೆಸರು ಕಂಡಿತು. "ನಿಮ್ಮ ಭಾವನ ಹುಣ್ಣು ಮಾಯ್ತು ಕಣೆ" ಎಂದು ಅಕ್ಕ ಆರು ತಿಂಗಳ ಹಿಂದೆ ಫೋನಿನಲ್ಲಿ ಹೇಳಿದ್ದಳು. ಹುಟ್ಟಿದಾಗಿನಿಂದ ಮರುಪ್ರಶ್ನೆ ಹಾಕದೆ ಆಕೆ ನಂಬಿದ್ದು ಅದೊಂದನ್ನೇ.

ಭಾನುವಾರ ಬೆಳಿಗ್ಗೆ ಹೇಳದೆ ಕೇಳದೆ ಅಕ್ಕನ ಮನೆಗೆ ಹೋದಳು. ಭಾವ ಕುರ್ಚಿಯಲ್ಲಿ ಕಾಲ ಮೇಲೆ ಹೊದಿಕೆ ಎಳೆದುಕೊಂಡು ಕೂತಿದ್ದರು. ಕೋಣೆಯ ತುಂಬ ಫಿನಾಯಿಲಿನ ಘಾಟು, ಅದರಡಿ ಇನ್ನೊಂದು ವಾಸನೆ.

"ಭಾವ, ಕಾಲು ತೋರಿಸಿ."

"ಎಲ್ಲಾ ಸರಿಹೋಗಿದೆ ಬಿಡಮ್ಮ. ಬಂದ ತಕ್ಷಣ ವಿಚಾರಣೆ ಶುರು ಮಾಡ್ಬಿಟ್ಯಾ?"

ಆಕೆ ಹೊದಿಕೆ ಸರಿಸಿದಳು. ಹಳೆ ಬಟ್ಟೆ ಹರಿದು ಕಟ್ಟಿದ ಪಟ್ಟಿ. ಬಿಚ್ಚಿದರೆ ಹೆಬ್ಬೆರಳು ಕಪ್ಪಗಾಗಿತ್ತು.

"ಅಕ್ಕಾ, ಯಾಕೆ ಸುಳ್ಳು ಹೇಳ್ದೆ? ನನ್ನ ಒಂದ್ಮಾತು ಕೇಳೋದಲ್ವಾ?"

"ಕೇಳೋಣ ಅಂದೆ ಕಣೆ. ಇವರೇ ಬೇಡ ಅಂದ್ರು," ಎಂದಳು ಅಕ್ಕ ಸೆರಗಿನಲ್ಲಿ ಮೂಗೊರೆಸುತ್ತ. "ಅವಳು ಯೋಚ್ನೆ ಮಾಡ್ದೆ ಏನೂ ಬರೆಯಲ್ಲ, ಎಂಟು ಅಂದಿದ್ದಾಳೆ ಅಂದ್ರೆ ಎಂಟು ಸಾಕು ಅಂತ ಹಟ ಹಿಡಿದ್ರು."

ಜಗತ್ತನ್ನೆಲ್ಲ ಅನುಮಾನಿಸಿದವಳು ತನ್ನ ಎಂಟನ್ನು ಒಂದು ದಿನವೂ ಅನುಮಾನಿಸಿರಲಿಲ್ಲ. ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ನಾಳೆಯ ಸಭೆಯಲ್ಲಿ ಹೇಳಬೇಕಾದ್ದು ಏನೆಂದು ತಿಳಿಯಿತು. ಈಗ ಮೊದಲು ಆಸ್ಪತ್ರೆ. ಭಾವನ ತೋಳಿಗೆ ಹೆಗಲು ಕೊಟ್ಟು ಎಬ್ಬಿಸಿದಳು.

ಭಾವ ಬಾಗಿಲ ಬಳಿ ಅನುಮಾನಿಸುತ್ತ ನಿಂತರು.

"ಇದು ಒಂಬತ್ತನೇ ಸಲ ಆಗುತ್ತಲ್ಲಮ್ಮ. ನಿನಗೇನೂ ತೊಂದ್ರೆ ಇಲ್ವಾ?"