ಎರಡು ವಾಕ್ಯಗಳ ನಡುವಿನ ವರ್ಷಗಳು

ಕೊರೊನಾ ಕಳೆದು ಕಾಲೇಜುಗಳು ಮೊದಲಿನಂತೆ ನಡೆಯತೊಡಗಿದ್ದ ವರ್ಷ ಅದು. ಗಂಗಾವತಿಯ ಒಂದು ಪದವಿ ಕಾಲೇಜಿನಲ್ಲಿ ನಾನು ಕನ್ನಡ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಪಾಠ, ಪರೀಕ್ಷೆ, ಮೌಲ್ಯಮಾಪನಗಳ ಜೊತೆಗೆ ನನಗೆ ಇನ್ನೊಂದು ಹೊಣೆಯಿತ್ತು. ಕಾಲೇಜಿನ ಸಭಾಂಗಣದಲ್ಲಿ ತಿಂಗಳಿಗೊಮ್ಮೆ ನಡೆಯುತ್ತಿದ್ದ ಸಾರ್ವಜನಿಕ ಉಪನ್ಯಾಸ ಮಾಲೆಗೆ ನಾನು ಸಂಚಾಲಕಿ. ಹೆಸರು ದೊಡ್ಡದಾದರೂ ಕೆಲಸ ಸಣ್ಣದೇ. ಉಪನ್ಯಾಸಕರನ್ನು ಗೊತ್ತುಮಾಡಬೇಕು, ಬಸ್ ನಿಲ್ದಾಣದಿಂದ ಕರೆತರಬೇಕು, ಮೈಕು ಕೈಕೊಡದಂತೆ ನೋಡಿಕೊಳ್ಳಬೇಕು. ಕೊನೆಯಲ್ಲಿ ಸಭಿಕರು ಪ್ರಶ್ನೆ ಕೇಳುವ ಭಾಗವಿರುತ್ತದೆ, ಅದಕ್ಕೆ ಸಂವಾದ ಎನ್ನುತ್ತೇವೆ. ಅದು ಜಗಳವಾಗದಂತೆ ನಡೆಸಬೇಕು.

ನೀರಾವರಿ, ಹೆಣ್ಣುಮಕ್ಕಳ ಓದು, ಹೊಸ ಕಾದಂಬರಿ, ಮೊಬೈಲಿನ ಗೀಳು ಹೀಗೆ ವಿಷಯ ಯಾವುದಾದರೂ ಜನ ಬರುತ್ತಿದ್ದರು. ನಿವೃತ್ತ ಮಾಸ್ತರರಿಗೆ ಮುಂದಿನ ಸಾಲು ಕಾಯಂ. ಗದ್ದೆ ಕೆಲಸ ಕಡಿಮೆಯಿದ್ದ ದಿನ ಸಿದ್ದಾಪುರ, ಮರಳಿ ಹಳ್ಳಿಗಳ ಕಡೆಯ ರೈತರೂ ಬಂದು ಕೂರುತ್ತಿದ್ದರು.

ಆ ತಿಂಗಳು ನಾವು ಕರೆದದ್ದು ಸುಮಂಗಲಾ ಅವರನ್ನು. ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹುಟ್ಟಿ, ದೂರದ ವಿಶ್ವವಿದ್ಯಾಲಯವೊಂದರಲ್ಲಿ ಪ್ರಾಧ್ಯಾಪಕಿಯಾಗಿದ್ದವರು. ಅವರ ಆತ್ಮಕಥನ ಆಗಷ್ಟೇ ಹೆಸರು ಮಾಡಿತ್ತು. ಉಪನ್ಯಾಸದ ವಿಷಯ, ‘ಆತ್ಮಕಥನ: ಸತ್ಯ ಮತ್ತು ಧೈರ್ಯ’.

ಸುಮಂಗಲಾ ಚೆನ್ನಾಗಿ ಮಾತಾಡಿದರು. ನಡುವೆ ತಮ್ಮ ತಾಯಿ ಹೊನ್ನವ್ವನ ಪ್ರಸಂಗಕ್ಕೆ ಬಂದರು. ಪುಸ್ತಕದ ಜನಪ್ರಿಯ ಅಧ್ಯಾಯವೇ ಅದು. ಸುಮಂಗಲಾ ಇನ್ನೂ ಚಿಕ್ಕವರಿದ್ದಾಗ ಹೊನ್ನವ್ವ ಗಂಡನ ಹೊಡೆತ ತಾಳಲಾರದೆ ಮನೆ ಬಿಟ್ಟು, ತನ್ನನ್ನು ಬಯಸಿದ ಬೇರೊಬ್ಬನ ಜೊತೆ ಕೆಲವು ತಿಂಗಳು ಬಾಳಿದ್ದರು. ಮುಂದೆ ಎಷ್ಟೋ ವರ್ಷಗಳ ಮೇಲೆ ಮಗಳ ಮದುವೆ ಮುರಿದು ಅವಳು ತವರಿಗೆ ಬಂದು ಅಳುತ್ತ ಕೂತಾಗ, ಎದೆಗುಂದಬೇಡ ಎಂದು ತಾಯಿ ತಾವೇ ಇದನ್ನು ಹೇಳಿದ್ದರು. ಆ ಅಧ್ಯಾಯ ಎರಡು ಪುಟ್ಟ ವಾಕ್ಯಗಳಿಂದ ಮುಗಿಯುತ್ತದೆ. ಸುಮಂಗಲಾ ಅವನ್ನು ನಿಧಾನವಾಗಿ ಹೇಳಿದರು: ‘ಅವ್ವ ತಿರುಗಿ ಬಂದಳು. ತಮ್ಮ ಹುಟ್ಟಿದ.’

ಸಭೆ ಚಪ್ಪಾಳೆ ತಟ್ಟಿತು. ವಿಮರ್ಶಕರು ಬಹಳ ಮೆಚ್ಚಿದ್ದ ವಾಕ್ಯಗಳು ಅವು. ಎಷ್ಟು ಕಡಿಮೆ ಮಾತು, ಎಷ್ಟು ದೊಡ್ಡ ಬದುಕು ಎಂದು ಬರೆದಿದ್ದರು.

ಸಂವಾದ ಶುರುವಾಯಿತು. ವಿದ್ಯಾರ್ಥಿನಿಯೊಬ್ಬಳು ಭಾಷೆಯ ಬಗ್ಗೆ ಕೇಳಿದಳು, ಮಾಸ್ತರರೊಬ್ಬರು ಪ್ರಶ್ನೆಯ ಹೆಸರಿನಲ್ಲಿ ತಮ್ಮದೇ ಸಣ್ಣ ಭಾಷಣ ಮಾಡಿದರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ಮೈಕು ಬೇಡಿದರು. ತಲೆಯ ಮೇಲೆ ಸೆರಗು, ಕೈಯಲ್ಲಿ ಬಸ್ಸಿನ ಪ್ರಯಾಣದ ಕೈಚೀಲ. ಆಕೆಯನ್ನು ಕಂಡದ್ದೇ ಸುಮಂಗಲಾ ಕುರ್ಚಿಯಲ್ಲಿ ನೆಟ್ಟಗೆ ಕೂತರು.

“ನಾನು ಶಾಂತವ್ವ ರೀ. ಇವರ ತಮ್ಮನ ಹೇಂತಿ,” ಎಂದರು ಆಕೆ. “ಅಕ್ಕಾರ, ನಮ್ಮ ಅತ್ತಿ ವಿಷಯ ಬರಿಯೂ ಮುಂದ ಅವರನ್ನ ಒಂದ ಮಾತು ಕೇಳಿದ್ರೇನ್ರಿ?”

ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು. ಶಾಂತವ್ವ ನಿಲ್ಲಿಸಲಿಲ್ಲ.

“ಪುಸ್ತಕ ಬಂದಾಗ ನಮ್ಮೂರಾಗ ಯಾರೂ ಓದಲಿಲ್ರಿ. ನೀವು ಎಲ್ಲೋ ಭಾಷಣ ಮಾಡಿದ್ದು ಮೊಬೈಲಿನ್ಯಾಗ ಬಂತು ನೋಡ್ರಿ, ಎಲ್ಲಾರೂ ಕೇಳಿದ್ರು. ಈಗ ಚಹಾದ ಅಂಗಡ್ಯಾಗ ಕುಂತು ನಮ್ಮ ಮನಿಯವ್ರು ಯಾರ ಮಗಾ ಅಂತ ಮಾತಾಡಾಕತ್ತಾರ. ಮದುವ್ಯಾಗ ಸೋಬಾನ ಪದಾ ಹೇಳಾಕ ನಮ್ಮ ಅತ್ತಿನ್ನ ಬಿಟ್ಟು ಯಾರನ್ನೂ ಕರೀತಿದ್ದಿಲ್ಲ. ಈಗ ಕರಿಯೂದ ಬಿಟ್ಟಾರ. ಅತ್ತಿ ನಳಕ್ಕ ನೀರಿಗೆ ಹೋಗೂದ ಬಿಟ್ಟಾರ. ನೀವು ಧೈರ್ಯ ಅಂತೀರಿ. ಯಾರ ಧೈರ್ಯ ರೀ ಇದು?”

ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, ಇದು ಮನೆಯ ವಿಷಯ, ಇಲ್ಲಿ ಬೇಡ ಎಂದರು. ಪ್ರಾಂಶುಪಾಲರು ನನ್ನ ಕಡೆ ಬಾಗಿ, “ಮೇಡಂ, ವಂದನಾರ್ಪಣೆ ಮಾಡಿಸಿಬಿಡ್ರಿ,” ಎಂದು ಪಿಸುಗುಟ್ಟಿದರು. ಸಭೆ ಕೈಮೀರುವಂತಿದ್ದರೆ ನಾವು ಹಿಡಿಯುವ ದಾರಿಯೇ ಅದು. ವಂದನಾರ್ಪಣೆ ಆದರೆ ಎಲ್ಲರೂ ಚಹಾಕ್ಕೆ ಏಳುತ್ತಾರೆ. ನಾನು ಒಂದು ಕ್ಷಣ ಹಾಗೇ ಮಾಡಲು ಎದ್ದೂ ಇದ್ದೆ. ಆದರೆ ಬಸ್ ಹತ್ತಿ ಇಷ್ಟು ದೂರ ಬಂದ ಹೆಣ್ಣುಮಗಳ ಕೈಯಿಂದ ಮೈಕು ಕಸಿಯಲು ಮನಸ್ಸು ಬರಲಿಲ್ಲ.

“ಮನೆಯ ವಿಷಯ ಇಲ್ಲಿ ಹೇಳಿದ ಮೇಲೆ ಪ್ರಶ್ನೆಯೂ ಇಲ್ಲೇ ಬರ್ತದ ಸರ್. ಅವರು ಮುಗಿಸಲಿ,” ಎಂದೆ.

ಶಾಂತವ್ವ ಮುಗಿಸಿಯಾಗಿತ್ತು. ಎಲ್ಲರೂ ಸುಮಂಗಲಾ ಕಡೆ ತಿರುಗಿದರು. ಅವರು ಮೈಕು ಹತ್ತಿರ ಎಳೆದುಕೊಂಡು, “ಕೇಳಿರಲಿಲ್ಲ,” ಎಂದರು. ಮೈಕು ಬದಿಗಿಟ್ಟರು.

ಉಪನ್ಯಾಸಗಳ ವಿಡಿಯೊಗಳನ್ನು ನಾವು ಕಾಲೇಜಿನ ಯೂಟ್ಯೂಬ್ ಚಾನೆಲ್ಲಿಗೆ ಹಾಕುತ್ತಿದ್ದೆವು. ಅಂದು ಚಿತ್ರೀಕರಿಸಿದ ಸಹೋದ್ಯೋಗಿ ಹುರುಪಿನಲ್ಲಿದ್ದರು. “ಮೇಡಂ, ಇದು ಭಾಳ ಓಡ್ತದ ನೋಡ್ರಿ,” ಎಂದರು. ನಾನು ಒಪ್ಪಲಿಲ್ಲ. ಮಾಲೆಯ ಯಾವ ಉಪನ್ಯಾಸವನ್ನೂ ತಡೆದವಳಲ್ಲ ನಾನು, ಅದನ್ನು ತಡೆದೆ. ಪ್ರಾಂಶುಪಾಲರಿಗೂ ಅದು ಸರಿಯೆನಿಸಿತು. ಆದರೆ ಸಭೆಯಲ್ಲಿ ಕೂತವರ ಕೈಯಲ್ಲೂ ಮೊಬೈಲುಗಳಿದ್ದವು. ಸಂಜೆಯೊಳಗೆ ಶಾಂತವ್ವ ಮಾತಾಡಿದ ತುಣುಕು ಊರೂರು ತಿರುಗುತ್ತಿತ್ತು. ನ್ಯಾಯ ಕೇಳಲು ಬಂದವರ ಮಾತೇ ಅವರ ಮನೆಯನ್ನು ಮತ್ತೆ ಬೀದಿಗೆ ತಂದಿತ್ತು.

ಸಭೆ ಮುಗಿದ ಮೇಲೆ ವಿಭಾಗದ ಕೋಣೆಯಲ್ಲಿ ಸುಮಂಗಲಾ, ಶಾಂತವ್ವ ಎದುರುಬದುರು ಕೂತಿದ್ದರು. ಚಹಾ ಇಬ್ಬರೂ ಮುಟ್ಟಲಿಲ್ಲ.

“ಅವ್ವನನ್ನು ದೊಡ್ಡವಳನ್ನಾಗಿ ಮಾಡಿದೆ ಅಂದುಕೊಂಡಿದ್ದೆ ಮೇಡಂ,” ಎಂದರು ಸುಮಂಗಲಾ, ನನಗೆ.

“ಬರ್ರಿ. ಬಂದು ಅವರ ಮುಂದ ಹೇಳ್ರಿ ಅದನ್ನ,” ಎಂದರು ಶಾಂತವ್ವ.

ಪುಸ್ತಕ ಬಂದ ಮೇಲೆ ಸುಮಂಗಲಾ ಊರಿಗೆ ಹೋಗಿರಲೇ ಇಲ್ಲ. ಒಬ್ಬರೇ ಹೋಗಲು ಹೆದರಿದರು. ನೀವೂ ಬನ್ನಿ ಎಂದು ನನ್ನನ್ನು ಕೇಳಿದರು. ಸಂಚಾಲಕಿಯ ಕೆಲಸ ವಂದನಾರ್ಪಣೆಗೇ ಮುಗಿಯುತ್ತದೆ, ನಿಜ. ಆದರೂ ಇಲ್ಲವೆನ್ನಲಾಗಲಿಲ್ಲ.

ಮರುದಿನ ಮೂವರೂ ಹೊರಟೆವು. ಕನಕಗಿರಿ ದಾಟುವಷ್ಟರಲ್ಲಿ ಭತ್ತದ ಹಸಿರು ಹಿಂದೆ ಉಳಿದು, ತಾವರಗೇರಾ ಕಡೆಯ ಒಣಭೂಮಿ ಬಂತು.

ಅವರ ತಮ್ಮ ಶರಣಪ್ಪ ಬೋರ್‌ವೆಲ್ಲಿನ ಮೋಟಾರು ರಿಪೇರಿ ಮಾಡುವವರು. ಅಂಗಳದಲ್ಲಿ ಕೂತಿದ್ದವರು ಅಕ್ಕನನ್ನು ಕಂಡು ಎದ್ದರು. ನನಗೆ, “ಒಳಗ ಕುಂದರ್ರಿ ಮೇಡಂ,” ಎಂದು ಹೇಳಿ ಹೊರಗಿನ ಕಟ್ಟೆಗೆ ಹೋದರು. ಅಕ್ಕನ ಮುಖ ನೋಡಲಿಲ್ಲ.

ಹೊನ್ನವ್ವ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದರು. ಎಪ್ಪತ್ತು ದಾಟಿದ, ಗಟ್ಟಿಮುಟ್ಟಾದ ಹೆಂಗಸು. ಬೈಗುಳವನ್ನೋ ಅಳುವನ್ನೋ ನಿರೀಕ್ಷಿಸಿದ್ದ ನನಗೆ ಆಕೆಯ ಮೊದಲ ಮಾತು ಅಚ್ಚರಿ ತಂದಿತು.

“ಉಂಡು ಬಂದೀರೇನು?”

ಉಂಡಿರಲಿಲ್ಲ. ರೊಟ್ಟಿ, ಪುಂಡಿಪಲ್ಯ ಬಡಿಸಿದರು. ಊಟವಾದ ಮೇಲೆ ಮಗಳ ಕಡೆ ತಿರುಗಿ, “ಊರಿಗೆ ಊರ ಕೇಳೇತಿ. ನಾ ಒಬ್ಬಾಕಿ ಕೇಳಿಲ್ಲ. ಏನ್ ಬರ್ದಿ, ಓದು,” ಎಂದರು. ಹೊನ್ನವ್ವನಿಗೆ ಓದು ಬರುತ್ತಿರಲಿಲ್ಲ.

ಸುಮಂಗಲಾ ಚೀಲದಿಂದ ಪುಸ್ತಕ ತೆಗೆದು ಆ ಅಧ್ಯಾಯ ಓದತೊಡಗಿದರು. ಸಾವಿರ ಜನರ ಮುಂದೆ ತಡವರಿಸದೆ ಹೇಳಿದ್ದನ್ನು ಆ ಪಡಸಾಲೆಯಲ್ಲಿ ಓದುವಾಗ ಅವರು ಪದೇಪದೇ ಸಾಲು ತಪ್ಪುತ್ತಿದ್ದರು. ಮನೆ ಬಿಟ್ಟು ಹೋದ ದಿನದ ಭಾಗ ಬಂದಾಗ ಹೊನ್ನವ್ವ ಸಣ್ಣಗೆ ನಕ್ಕರು. “ಸೀರಿ ಬಣ್ಣ ಬರೋಬ್ಬರಿ ನೆನಪಿಟ್ಟೀಯಲ್ಲ,” ಎಂದರು. ಆಮೇಲೆ ಕಣ್ಣು ಮುಚ್ಚಿ ಕೇಳಿದರು. ‘ಅವ್ವ ತಿರುಗಿ ಬಂದಳು. ತಮ್ಮ ಹುಟ್ಟಿದ’ ಎಂದು ಓದಿ ಸುಮಂಗಲಾ ಪುಸ್ತಕ ಮಡಚಿದರು.

“ಮುಗೀತೇನು?”

“ಮುಗೀತವ್ವ.”

“ನಡುವ ಏನೂ ಇಲ್ಲೇನು?”

ಸುಮಂಗಲಾ ಇಲ್ಲವೆಂದು ತಲೆಯಾಡಿಸಿದರು.

“ತಿರುಗಿ ಬಂದ ಮ್ಯಾಲ ಎರಡು ವರ್ಷ ನಿಮ್ಮಪ್ಪ ನನ್ನ ಜೋಡಿ ಮಾತಾಡಲಿಲ್ಲ,” ಎಂದರು ಹೊನ್ನವ್ವ. ದನಿ ಏರಲಿಲ್ಲ. “ನಮ್ಮತ್ತಿ ನನಗ ದನದ ಕೊಟ್ಟಿಗ್ಯಾಗ ಜಾಗಾ ಕೊಟ್ಟಿದ್ಲು. ಅಲ್ಲೇ ಉಣ್ಣೂದು, ಅಲ್ಲೇ ಮಲಗೂದು. ನಳದಾಗ ನಾ ಕೊಡಾ ಇಟ್ರ ಹೆಣಮಕ್ಕಳು ತಮ್ಮ ಕೊಡಾ ದೂರ ಸರಿಸ್ತಿದ್ರು. ನೀ ನನ್ನ ತವರಾಗ ಇದ್ದಿ, ನಿನಗ ಗೊತ್ತಿಲ್ಲ. ಬಿಟ್ಟು ಹೋಗೂದು ಒಂದ ದಿನದ ಕೆಲಸ ಇತ್ತು, ಅದನ್ನ ಇಷ್ಟು ಹಾಳಿ ಬರ್ದಿ. ತಿರುಗಿ ಬಂದು ಈ ಊರಾಗ ತಲಿ ಎತ್ತಿ ಅಡ್ಡಾಡೂದಕ್ಕ, ಒಂದ ಮದುವ್ಯಾಗ ನನ್ನ ಪದಾ ಹೇಳಾಕ ಕರಿಯೂದಕ್ಕ ನನ್ನ ಅರ್ಧಾ ಆಯುಷ್ಯ ಹೋತು. ಅದನ್ನ ಒಂದ ಸಾಲೂ ಬರಿಲಿಲ್ಲ.”

“ನೀ ನನಗ ಹೇಳಿದ್ದಿಲ್ಲವ್ವ.”

“ಹೋಗಿದ್ದು ಹೇಳಿದ್ದೆ. ಅದನ್ನರ ನಿನಗ ಹೇಳಿದ್ದೆ, ಮರ್ತ ಊರಿಗೆ ಮತ್ತ ಹೇಳಂದಿದ್ದಿಲ್ಲ.”

ಸುಮಂಗಲಾ ತಾಯಿಯ ಮಡಿಲಲ್ಲಿ ಮುಖವಿಟ್ಟು ಅತ್ತರು. ಹೊನ್ನವ್ವ ಅವರ ತಲೆ ನೇವರಿಸಿದರು. ಆದರೆ ಅಳಬೇಡ ಎನ್ನಲಿಲ್ಲ. ಆ ವರ್ಷಗಳ ಬಗ್ಗೆ ಇನ್ನೂ ಕೆಲವು ಮಾತು ಹೇಳಿದರು.

ನಾವು ಹೊರಡುವ ಹೊತ್ತಿಗೆ ಶರಣಪ್ಪ ಬಾಗಿಲಲ್ಲಿ ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರೆಂದು ಮುಖವೇ ಹೇಳುತ್ತಿತ್ತು. ಸುಮಂಗಲಾ ಎದ್ದು ಅವರ ಬಳಿ ಹೋದರು.

“ಮುಂದಿನ ಮುದ್ರಣದಾಗ ಎಲ್ಲಾ ತಿದ್ದತೀನಿ ತಮ್ಮಾ. ಅವ್ವ ಬಂದದ್ದಕ್ಕೂ ನೀ ಹುಟ್ಟಿದ್ದಕ್ಕೂ ನಡುವ ಎರಡು ವರ್ಷ ಇದ್ದುವು ಅಂತ ಸ್ಪಷ್ಟ ಬರೀತೀನಿ.”

“ತಿದ್ದಬ್ಯಾಡ,” ಎಂದರು ಶರಣಪ್ಪ. “ತಿದ್ದಿದ್ದನ್ನ ಮತ್ತ ಓದ್ತಾರ. ನಾ ನಮ್ಮಪ್ಪನ ಮಗಾ ಅಂತ ನೀ ಪುಸ್ತಕದಾಗ ಸಾಕ್ಷಿ ಹೇಳೂದು ನನಗ ಬೇಕಿಲ್ಲ.”

ಅಷ್ಟು ಹೇಳಿ ಹೊರಟುಹೋದರು. ಮಾತಿನಿಂದ ಆದ ಗಾಯಕ್ಕೆ ಮಾತೇ ಮದ್ದು ಎಂದು ನಂಬಿ ಬದುಕಿದವರು ಸುಮಂಗಲಾ ಮತ್ತು ನಾನು. ಅಂದು ಆ ಬಾಗಿಲಲ್ಲಿ ಆ ಮದ್ದು ಕೆಲಸ ಮಾಡಲಿಲ್ಲ.

ಹೊನ್ನವ್ವ ಮಾತ್ರ ಮಗಳನ್ನು ಬಿಡಲಿಲ್ಲ. “ಈಗ ಹೋಗಬ್ಯಾಡ. ನಾಳಿ ಮುಂಜಾನಿ ನನ್ನ ಜೋಡಿ ನಳಕ್ಕ ಬಾ,” ಎಂದರು.

ನಾನು ಗಂಗಾವತಿಗೆ ಮರಳಿದೆ. ಮುಂದಿನದನ್ನು ಶಾಂತವ್ವ ಫೋನಿನಲ್ಲಿ ಹೇಳಿದರು. ತಾಯಿ ಮಗಳು ಕೊಡ ಹಿಡಿದು ಹೋದಾಗ ನಳದ ಬಳಿ ಮಾತು ನಿಂತಿತಂತೆ. ಹೊನ್ನವ್ವ ತಮ್ಮ ಸರದಿ ಬರುವವರೆಗೆ ನಿಂತು ನೀರು ತುಂಬಿಕೊಂಡರು. ಪಕ್ಕದ ಮನೆಯ ಮುದುಕಿಯೊಬ್ಬರು ಸುಮಂಗಲಾ ಅವರನ್ನು “ಯಾವಾಗ ಬಂದಿ?” ಎಂದು ಕೇಳಿದರು. ಬೇರೇನೂ ನಡೆಯಲಿಲ್ಲ. ಸುಮಂಗಲಾ ರಜೆ ಹಾಕಿ ಊರಲ್ಲೇ ಉಳಿದರು, ದಿನವೂ ಹೋದರು. ಅವರು ಹೋದ ಮೇಲೂ ಹೊನ್ನವ್ವ ನೀರಿಗೆ ಹೋಗುವುದನ್ನು ಬಿಡಲಿಲ್ಲ.

ಎಲ್ಲ ಸರಿಹೋಯಿತು ಎಂದು ಬರೆಯಲಾರೆ. ಆ ವರ್ಷ ಓಣಿಯ ಒಂದು ಮದುವೆಗೆ ಹೊನ್ನವ್ವನನ್ನು ಸೋಬಾನೆಗೆ ಕರೆದರು, ಇನ್ನೊಂದಕ್ಕೆ ಕರೆಯಲಿಲ್ಲ. ಮುಂದಿನ ಮುದ್ರಣದಿಂದ ಸುಮಂಗಲಾ ಆ ಅಧ್ಯಾಯವನ್ನೇ ತೆಗೆದರು, ಯಾವ ವೇದಿಕೆಯಲ್ಲೂ ಮತ್ತೆ ಅದನ್ನು ಹೇಳಲಿಲ್ಲ. ಮೊಬೈಲುಗಳಲ್ಲಿ ಉಳಿದದ್ದನ್ನು ಯಾರಿಂದಲೂ ತೆಗೆಯಲಾಗಲಿಲ್ಲ. ಅಕ್ಕ ಊರಿಗೆ ಬಂದರೆ ಶರಣಪ್ಪ ಊಟಕ್ಕೆ ಕೂರುವುದು ಅವರ ಊಟವಾದ ಮೇಲೆಯೇ.

ನಿವೃತ್ತಿಯವರೆಗೂ ನಾನು ಉಪನ್ಯಾಸ ಮಾಲೆಯನ್ನು ನಡೆಸಿದೆ. ಒಂದು ರೂಢಿ ಮಾತ್ರ ಹೊಸದಾಗಿ ಬಂತು. ಉಪನ್ಯಾಸಕರಿಗೆ ಫೋನ್ ಮಾಡಿದಾಗ, ನಿಮ್ಮ ಮಾತಿನಲ್ಲಿ ಬರುವ ಜನರಿಗೆ ಆ ಮಾತು ಗೊತ್ತೇ ಎಂದು ಕೇಳುತ್ತಿದ್ದೆ. ಒಬ್ಬರು, ನೀವೇನು ಸೆನ್ಸಾರ್ ಮಂಡಳಿಯೇ ಎಂದು ಸಿಟ್ಟಾದರು. ಇನ್ನೊಬ್ಬರು ತಮ್ಮ ಉಪನ್ಯಾಸದ ವಿಷಯವನ್ನೇ ಬದಲಿಸಿದರು. ಸಿಟ್ಟಾದವರ ಮಾತಿನಲ್ಲೂ ಹುರುಳಿತ್ತು. ಎಲ್ಲರ ಒಪ್ಪಿಗೆ ಪಡೆದೇ ಬರೆಯಬೇಕೆಂದರೆ ಹೊಡೆದ ಗಂಡಂದಿರ ಕಥೆ ಎಂದಾದರೂ ಹೊರಗೆ ಬಂದೀತೇ? ಈ ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಪೂರ್ಣ ಉತ್ತರವಿಲ್ಲ. ಹೊಡೆದವನನ್ನು ಕೇಳಬೇಕಿಲ್ಲ, ಹೊಡೆತ ತಿಂದವಳನ್ನಾದರೂ ಕೇಳಬೇಕು ಎಂಬಲ್ಲಿಗೆ ನಾನು ಬಂದು ನಿಂತಿದ್ದೇನೆ. ಸತ್ಯ ಹೇಳುವವರಿಗೆ ವೇದಿಕೆ ಒದಗಿಸುವುದು ನನ್ನ ಕೆಲಸ ಎಂದು ತಿಳಿದಿದ್ದೆ. ಹೇಳಿದವರು ಬಸ್ ಹತ್ತಿ ಹೋದ ಮೇಲೆ ಆ ಸತ್ಯವನ್ನು ಹೊತ್ತು ಊರಲ್ಲಿ ಓಡಾಡುವವರು ಬೇರೆ ಇರುತ್ತಾರೆ ಎಂಬುದನ್ನು ಕಲಿಸಿದ್ದೂ ಅದೇ ಕೆಲಸ.

ಇದನ್ನು ಅಚ್ಚಿಗೆ ಕಳಿಸುವ ಮುನ್ನ ಆ ಊರಿಗೆ ಹೋಗಿ ಹೊನ್ನವ್ವನವರಿಗೆ ಓದಿ ಹೇಳಿದೆ. ಹೆಸರುಗಳನ್ನು ಬದಲಿಸಿದವರು ಅವರೇ. ಪಡಸಾಲೆಯಲ್ಲಿ ಅಂದು ಹೇಳಿದ ಕೊನೆಯ ಮಾತುಗಳು ಬಂದಾಗ, “ಇಷ್ಟು ಬ್ಯಾಡ್ರಿ,” ಎಂದು ಕೈ ಅಡ್ಡ ಮಾಡಿದರು. ಆ ಭಾಗ ಇಲ್ಲಿಲ್ಲ. ಶರಣಪ್ಪ ಅಂಗಳದಲ್ಲಿ ಮೋಟಾರು ಬಿಚ್ಚುತ್ತ ಕೂತಿದ್ದರು. ನಿಮಗೂ ಓದಲೇ ಎಂದು ಕೇಳಿದೆ.

“ಅವ್ವ ಹ್ಞೂಂ ಅಂದಾಳಲ್ರಿ, ಬರಕೋರಿ,” ಎಂದರು, ಕೆಲಸದಿಂದ ತಲೆ ಎತ್ತದೆ. “ಊರ ಹೆಸರು ಹಾಕಬ್ಯಾಡ್ರಿ.”

ಹಾಕಿಲ್ಲ.