ಉಪಮೇಯ ಕಳೆದುಕೊಂಡ ಮೇಷ್ಟ್ರು

ಗೂಡಲೂರಿನಿಂದ ಚೇರಂಬಾಡಿಗೆ ಹೋಗುವ ದಾರಿಯಲ್ಲಿ ಮಾದಯ್ಯ ಮೇಷ್ಟ್ರ ಮನೆ ಯಾವುದೆಂದು ಯಾರನ್ನು ಕೇಳಿದರೂ ತೋರಿಸುತ್ತಿದ್ದರು. ಗುಂಡ್ಲುಪೇಟೆ ಕಡೆಯಿಂದ ಬಂದು ನೆಲೆನಿಂತ ಮನೆಗಳ ಮಕ್ಕಳಿಗೆಲ್ಲ ಅವರದೇ ಕನ್ನಡ ಪಾಠ. ಜಗಲಿಯ ಮೇಲೆ ಅಲಂಕಾರ ಶುರುವಾದರೆ ವರ್ಷ ವರ್ಷವೂ ಅದೇ ಉದಾಹರಣೆ. “ಮುಖ ಚಂದ್ರನ ಹಾಗಿದೆ ಅಂದ್ರೆ ಉಪಮೆ. ವರ್ಣಿಸೋ ಮುಖ ಉಪಮೇಯ, ಹೋಲಿಸೋ ಚಂದ್ರ ಉಪಮಾನ. ಮುಖವೇ ಚಂದ್ರ ಅಂದ್ರೆ ರೂಪಕ.”

ಒಲೆಯ ಮುಂದೆ ಕೂತ ಹೆಂಡತಿ ಲಿಂಗಾಜಮ್ಮನಿಗೆ ಕೇಳಿ ಕೇಳಿ ಸಾಕಾಗಿಹೋಗಿತ್ತು. “ಆ ಚಂದ್ರನ್ನ ಒಂದಿನಾನಾದ್ರೂ ಬುಟ್ಬುಡಿ ಮೇಷ್ಟ್ರೇ, ಸವೆದೋಗ್ತಾನೆ” ಎಂದು ಒಳಗಿನಿಂದಲೇ ಕೂಗುತ್ತಿದ್ದಳು.

೧೯೯೯ರ ಬೇಸಿಗೆಯಲ್ಲಿ ಮೇಷ್ಟ್ರಿಗೆ ಲಕ್ವ ಹೊಡೆಯಿತು. ಕೈಕಾಲು ಬೇಗ ಸರಿಹೋದವು. ಹೋದದ್ದು ವಸ್ತುಗಳ ಹೆಸರು. ಬರಲೂಬಹುದು, ಬರದೆಯೂ ಇರಬಹುದು ಎಂದು ಊಟಿಯ ಡಾಕ್ಟರು ಕೈಚೆಲ್ಲಿದರು. ಕೊಡೆ ಬೇಕಾದರೆ ಮೇಷ್ಟ್ರು ತಡವರಿಸಿ “ಬಾವಲಿ ಕೊಡು” ಅನ್ನುವರು. ಮಳೆ ಶುರುವಾಗಿ ಜಿಗಣೆ ಕಚ್ಚಿದರೆ “ದಾರ ಕಾಲು ಕುಡೀತದೆ” ಅನ್ನುವರು. ಹೀಗೆ ಮಾತಾಡುವ ಮನುಷ್ಯ ತನ್ನ ಗಂಡನೇ ಹೌದೇ, ಒಳಗೆ ಅವರು ಇದ್ದಾರೆಯೇ, ಇಲ್ಲವೇ ಎಂಬ ಭಯ ಲಿಂಗಾಜಮ್ಮನನ್ನು ಹಗಲಿರುಳೂ ತಿನ್ನುತ್ತಿತ್ತು.

ಮೇಷ್ಟ್ರ ತಮ್ಮ ನಾಗರಾಜುವಿಗೆ ಅಂಥ ಅನುಮಾನವೇನೂ ಇರಲಿಲ್ಲ. “ಅಣ್ಣನ ತಲೆ ಕೆಟ್ಟದೆ ಅತ್ಗೆ. ಇಂಥೋರ್ನ ನೋಡ್ಕೊಳೋ ಜಾಗ ಮೈಸೂರಲ್ಲದೆ. ಭಾನ್ವಾರ ಜೀಪ್ ತತ್ತೀನಿ, ಬಿಟ್ಬರಾವ” ಎಂದು ಹೇಳಿಹೋದ. ಅವಳು ಹೂಂ ಅಂದುಬಿಟ್ಟಳು.

ನೋಡಲು ಬಂದ ಹಳೆಯ ಶಿಷ್ಯೆ ವೀಣಾ ಮೇಷ್ಟ್ರ ಮಾತು ಕೇಳಿ ಕಣ್ಣರಳಿಸಿದಳು. “ಅಮ್ಮಾ, ಇವ್ರ ಉಪಮೇಯ ಕಳ್ದೋಗದೆ, ಉಪಮಾನ ಒಂದೇ ಉಳ್ದದೆ. ರೂಪಕಾತಿಶಯೋಕ್ತಿ ಅಂತ ಇವ್ರೇ ಕಲ್ಸಿದ್ರು. ಕವಿಗಳು ಬೇಕೂಂತ್ಲೇ ಹಂಗೆ ಬರೀತಾರೆ.”

“ಹೆಸರಿಟ್ರೆ ಕಾಯ್ಲೆ ವಾಸಿಯಾದದಾ ಮಗಾ?” ಎಂದಳು ಲಿಂಗಾಜಮ್ಮ.

ಶನಿವಾರ ಸಂಜೆ ಜಡಿಮಳೆ. ಆ ವಾರವಷ್ಟೇ ಮೇಲಿನ ರಸ್ತೆಯಲ್ಲಿ ಮಣ್ಣು ಕುಸಿದಿತ್ತು. ಲಿಂಗಾಜಮ್ಮ ಗಂಡನ ಬಟ್ಟೆ ಗಂಟುಕಟ್ಟುತ್ತ ಅಳುತ್ತಿದ್ದಳು. ಕಿಟಕಿಯ ಬಳಿ ನಿಂತಿದ್ದ ಮೇಷ್ಟ್ರು ಇದ್ದಕ್ಕಿದ್ದಂತೆ ಕಿರುಚಿದರು. “ಗುಡ್ಡ! ಗುಡ್ಡ ಬಂತು!”

ಗುಡ್ಡ ಕುಸಿದರೆ ಮನೆಯೊಳಗೆ ಇರಬಾರದು. ಅವಳು ಗಂಡನ ರಟ್ಟೆ ಹಿಡಿದು ಹೊರಗೋಡಲು ಬಾಗಿಲ ಅಗುಳಿಗೆ ಕೈಹಾಕಿದಳು. ಮೇಷ್ಟ್ರು ಬಾಗಿಲಿಗೆ ಬೆನ್ನುಕೊಟ್ಟು ನಿಂತುಬಿಟ್ಟರು. ತುಟಿ ಆಡುತ್ತಿತ್ತು, ಬೇಕಾದ ಹೆಸರು ಸಿಗಲೊಲ್ಲದು.

“ಉಸಿರಾಡ್ತದೆ” ಎಂದರು. “ಗುಡ್ಡ… ಎರಡು ಮೊರ ಬೀಸ್ತದೆ.”

ಗುಡ್ಡಕ್ಕೆಲ್ಲಿಯ ಮೊರ! ಲಿಂಗಾಜಮ್ಮನ ಕೈ ಅಗುಳಿಯ ಮೇಲೆಯೇ ನಿಂತಿತು. ಬಾಗಿಲ ಸಂದಿಯಲ್ಲಿ ಕಣ್ಣಿಟ್ಟು ನೋಡಿದಳು. ಅಂಗಳದ ಬಾಳೆಗಿಡಗಳ ನಡುವೆ, ಕೈಗೆ ಎಟಕುವಷ್ಟು ಹತ್ತಿರದಲ್ಲಿ, ಒಂಟಿ ಸಲಗ ಮಳೆಯಲ್ಲಿ ತೊಯ್ದು ಕಪ್ಪಗೆ ನಿಂತಿತ್ತು. ನಿಧಾನವಾಗಿ ಕಿವಿ ಬೀಸಿತು. ಅಷ್ಟು ದೊಡ್ಡ ಜೀವದ ಉಸಿರು ಹಲಗೆಯ ಆಚೆಯಿಂದ ಕೇಳಿಸುತ್ತಿತ್ತು.

ಬಾಳೆ ಮುರಿದು ತಿಂದು ಆನೆ ಹೋಗುವವರೆಗೂ ಇಬ್ಬರೂ ಕೈಹಿಡಿದು ಕೂತಿದ್ದರು. ಅವಳು ಬಾಗಿಲ ಕಡೆ ನೋಡಲಿಲ್ಲ, ಗಂಡನ ಮುಖವನ್ನೇ ನೋಡುತ್ತಿದ್ದಳು. ಹೆಸರೇ ಸಿಗದೆಯೂ ಈ ಮನುಷ್ಯ ಆನೆಯನ್ನು ಕಂಡಿದ್ದ, ತನಗೂ ಕಾಣಿಸಿದ್ದ, ತನ್ನ ಜೀವ ಉಳಿಸಿದ್ದ.

ಬೆಳಿಗ್ಗೆ ನಾಗರಾಜು ಜೀಪು ನಿಲ್ಲಿಸಿ, ತುಳಿದುಹೋದ ಅಂಗಳ ನೋಡಿ ಗಾಬರಿಯಾದ. “ಬಟ್ಟೆ ಗಂಟೆಲ್ಲಿ ಅತ್ಗೆ? ಬೇಗ ಹೊರಡ್ಸಿ.”

“ಬಿಚ್ಚಿಟ್ಟೆ” ಎಂದಳು ಲಿಂಗಾಜಮ್ಮ, ಜಗಲಿಗೆ ಚಾಪೆ ಹಾಸುತ್ತ. “ನಿಮ್ಮಣ್ಣ ನೆನ್ನೆ ಸಂಜೆ ನಂಗೆ ಪಾಠ ಹೇಳುದ್ರು. ನೀನೂ ಕೂತ್ಕೊ, ಕಲಿ.”